ಪಾಲಪ್ಪನ ರಿಫಂಡು

ಗಾದಿಲಿಂಗಪ್ಪ ಸಾಹುಕಾರನಿಗಿಂತ ತಾನೇ ಹೆಚ್ಚು ಆದಾಯ ತೆರಿಗೆ ಕಟ್ಟುತ್ತಿದ್ದೇನೆ ಎಂಬುದು ಕೊಟ್ರಯ್ಯನಿಗೆ ಗೊತ್ತಾದದ್ದು ಸಾಹುಕಾರನ ಲೆಕ್ಕವನ್ನು ತನ್ನ ಕೈಯಿಂದಲೇ ಬರೆಯುವಾಗ. ಸಂಡೂರಿನ ಗುಡ್ಡದಿಂದ ಅದಿರು ಹೊರುವ ಲಾರಿಗಳು ಸಾಹುಕಾರನಿಗೆ ಎಷ್ಟಿದ್ದವೆಂದರೆ, ಅವುಗಳ ನಂಬರು ಅವನಿಗೇ ನೆನಪಿರುತ್ತಿರಲಿಲ್ಲ. ಆದರೆ ಕಾಗದದ ಮೇಲೆ ಆತ ಬರೀ ರೈತ. ಬಂದ ದುಡ್ಡೆಲ್ಲ ಬಾಳೆಯದು, ಕಬ್ಬಿನದು. ಬೆಳೆದದ್ದಕ್ಕೆ ತೆರಿಗೆಯಿಲ್ಲ. ಹೊಸಪೇಟೆಯ ಆಡಿಟರ್ ಆಫೀಸಿನ ಗುಮಾಸ್ತನಾದ ಕೊಟ್ರಯ್ಯನ ಸಂಬಳ ಮಾತ್ರ ತೆರಿಗೆಯ ಮಿತಿಯನ್ನು ಕೂದಲೆಳೆಯಷ್ಟು ದಾಟಿತ್ತು, ಮತ್ತು ಆ ಕೂದಲೆಳೆಗೂ ಕತ್ತರಿ ಬೀಳುತ್ತಿತ್ತು. ಅವತ್ತು ರಾತ್ರಿ ಅವನಿಗೆ ಊಟ ಸೇರಲಿಲ್ಲ.

ಚೀನಾಕ್ಕೆ ಅದಿರು ಹೋಗುತ್ತಿದ್ದ ವರ್ಷಗಳು ಅವು. ಊರಿನ ಮರಗಿಡಗಳೆಲ್ಲ ಅದರ ಧೂಳಿಗೆ ಕೆಂಪಾಗಿದ್ದವು. ಸಾಲ ಮಾಡಿ ಒಂದೊಂದು ಲಾರಿ ಕೊಂಡ ಡ್ರೈವರುಗಳು ಸಂಜೆಯ ಹೊತ್ತು ಆಫೀಸಿನ ಮೆಟ್ಟಿಲ ಮೇಲೆ ಕೂತು ಕೊಟ್ರಯ್ಯನನ್ನು ಕೇಳುತ್ತಿದ್ದರು. ಬಾಡಿಗೆ ಕೊಡುವಾಗಲೇ ಕಂಪನಿಯವರು ತೆರಿಗೆಯೆಂದು ಹಿಡಿಯುವುದೇಕೆ? ಹೆಂಡತಿಯ ಹೆಸರಿಗೆ ಲಾರಿ ಮಾಡಿದರೆ ತಪ್ಪುತ್ತದೆಯೇ? ಕೊಟ್ರಯ್ಯ ಎಲ್ಲದಕ್ಕೂ ಸಮಾಧಾನದಿಂದ ಉತ್ತರ ಹೇಳುತ್ತಿದ್ದ. ಅವನು ಜಂಗಮರವನು. ಅವನಪ್ಪ ಜೋಳಿಗೆ ಹಿಡಿದು ಊರೂರು ತಿರುಗಿದವನು. ಆದ್ದರಿಂದ ಬಂದವರು ಮೊದಲು ಕಾಲು ಮುಟ್ಟಿ, ಹಣೆಗೆ ವಿಭೂತಿ ಹಚ್ಚಿಸಿಕೊಂಡೇ ಪ್ರಶ್ನೆ ಕೇಳುತ್ತಿದ್ದರು. ಅಯ್ನೋರು ಸುಳ್ಳು ಹೇಳುತ್ತಾರೆಂದು ಯಾರ ತಲೆಗೂ ಹೊಳೆಯುವಂತಿರಲಿಲ್ಲ.

ವಡ್ಡು ಗ್ರಾಮದ ಪಾಲಪ್ಪನೂ ಹಾಗೇ ಬಂದು ಕೂತವನು. ಒಂದೇ ಲಾರಿ, ಅದೂ ಹಳೆಯದು.

“ಅಯ್ನೋರ, ಡೀಸೆಲ್ಲು, ಟಯರು, ಕಂತು ಎಲ್ಲಾ ಹೋದಮ್ಯಾಲೆ ನನಗ ಉಳಿಯೋದು ಕೂಲಿಯವನಷ್ಟ,” ಎಂದ. “ಹತ್ತು ಲಾರಿ ಇದ್ದವಗೂ ನೂರಕ್ಕ ಎಲ್ಡು ಹಿಡೀತಾರ, ನನಗೂ ಎಲ್ಡು. ಇದ್ಯಾವ ನ್ಯಾಯರಿ? ಹಿಡಿದದ್ದು ತಿರುಗಿ ಬರಂಗಿಲ್ಲೇನು?”

ಬರುತ್ತದೆ, ಅದೇ ಸರಿಯಾದ ಉತ್ತರ. ಮಿತಿಯೊಳಗಿನ ಆದಾಯದವನು ಅರ್ಜಿ ಹಾಕಿದರೆ ಹಿಡಿದದ್ದು ಪೂರಾ ವಾಪಸು ಬರುತ್ತದೆ. ಕೊಟ್ರಯ್ಯ ಅದನ್ನು ಹೇಳಲೆಂದೇ ಬಾಯಿ ತೆರೆದ. ಅಷ್ಟರಲ್ಲಿ ಒಳಗಿನ ಮೇಜಿನ ಮೇಲಿದ್ದ ಸಾಹುಕಾರನ ಫೈಲು ಕಣ್ಣಿಗೆ ಬಿತ್ತು.

“ಸರ್ಕಾರದ ಬಾಯಾಗ ಹೋದದ್ದು ಬರಂಗಿಲ್ಲಪಾ,” ಎಂದುಬಿಟ್ಟ.

ಪಾಲಪ್ಪ ತಲೆಯಾಡಿಸಿದ. ಮುಂದೆ ನೋಟೀಸು ಬರಬಾರದೆಂದರೆ ಇಲ್ಲಿ ಸಹಿ ಹಾಕು ಎಂದಾಗ ನೋಡದೇ ಹಾಕಿದ. ಹೋಗುವಾಗ ಮತ್ತೊಮ್ಮೆ ಕಾಲು ಮುಟ್ಟಿದ. ಅಪರಾಧ ಇಷ್ಟು ಸಲೀಸಾಗಿ ಶುರುವಾಗುತ್ತದೆಂದು ಕೊಟ್ರಯ್ಯನಿಗೆ ಗೊತ್ತಿರಲಿಲ್ಲ.

ಉಳಿದದ್ದನ್ನು ಅವನು ನಿಧಾನವಾಗಿ ಕಟ್ಟಿದ. ಕಳೆದುಕೊಂಡವನಿಗೆ ಕಳೆದುಕೊಂಡದ್ದೇ ತಿಳಿಯದಿದ್ದರೆ ದೂರು ಕೊಡುವವರು ಯಾರು? ಪಾಲಪ್ಪನ ದೃಷ್ಟಿಯಲ್ಲಿ ಆ ದುಡ್ಡು ಸರ್ಕಾರದ ಪಾಲಾಗಿತ್ತು. ಸರ್ಕಾರದ ದೃಷ್ಟಿಯಲ್ಲಿ ಪಾಲಪ್ಪನಿಗೆ ಸಂದಿತ್ತು. ನಡುವೆ ಒಬ್ಬ ನಿಂತಿದ್ದಾನೆಂದು ಇಬ್ಬರಿಗೂ ಕಾಣುವಂತಿರಲಿಲ್ಲ. ಪಾಲಪ್ಪ ನೋಡದೇ ಸಹಿ ಹಾಕಿದ್ದ ರಿಫಂಡಿನ ಅರ್ಜಿಯಲ್ಲಿ ವಿಳಾಸ ಆಡಿಟರ್ ಆಫೀಸಿನದು. ಅಂಚೆಯವನ ಕೈಯಿಂದ ಟಪಾಲು ತೆಗೆದುಕೊಳ್ಳುವವನು ಕೊಟ್ರಯ್ಯನೇ. ಚೆಕ್ಕು ಬಂತು. ಅವನ ಎರಡು ತಿಂಗಳ ಸಂಬಳಕ್ಕಿಂತ ದೊಡ್ಡದು. ಆದರೆ ಅದು ಪಾಲಪ್ಪನ ಹೆಸರಿನ ಖಾತೆಗೇ ಬೀಳಬೇಕು. ಹಾಗಾದರೆ ಕೊಟ್ರಯ್ಯ ಸ್ವಲ್ಪ ಹೊತ್ತು ಪಾಲಪ್ಪನಾಗಬೇಕು.

ಹೊಸಪೇಟೆಯಲ್ಲಿ ಆಗದ ಮಾತು; ಸಂಡೂರಿನಲ್ಲಂತೂ ಬ್ಯಾಡವೇ ಬ್ಯಾಡ. ಅವನು ಕಂಪ್ಲಿಯನ್ನು ಆರಿಸಿಕೊಂಡ. ಅದು ಭತ್ತ, ಬಾಳೆಯ ಊರು. ಅದಿರಿನ ಲಾರಿಯವರು ಅತ್ತ ಕಾಲಿಡುವುದಿಲ್ಲ, ಅಲ್ಲಿನ ರೈಸ್ ಮಿಲ್ಲಿನವರು ಅವನ ಆಡಿಟರನ ಬಳಿ ಬರುವುದಿಲ್ಲ. ಬಸ್ ಸ್ಟ್ಯಾಂಡಿನ ಹೋಟೆಲಿನ ಮೂಕಣ್ಣನ ಬಳಿ ನಾಲ್ಕಾರು ಸಲ ಒಗ್ಗರಣಿ ಮಿರ್ಚಿ ತಿಂದು, ತಾನು ಪಾಲಪ್ಪ, ಹೆಂಡತಿಯ ತವರು ಇದೇ ಕಡೆ ಎಂದು ಹೇಳಿ ಪರಿಚಯ ಮಾಡಿಕೊಂಡ. ಬ್ಯಾಂಕಿನಲ್ಲಿ ಖಾತೆ ತೆರೆಯಲು ಆ ಮೂಕಣ್ಣನೇ ಸಾಕ್ಷಿಗೆ ಸಹಿ ಹಾಕಿದ. ಮಿಕ್ಕ ಕಾಗದವೆಲ್ಲ ಪಾಲಪ್ಪನವು, ಲೆಕ್ಕಕ್ಕೆಂದು ಆಫೀಸಿನಲ್ಲಿ ಕೊಟ್ಟಿದ್ದವು. ಫೋಟೋ ಮಾತ್ರ ಕೊಟ್ರಯ್ಯನದು, ಕನ್ನಡಕ ತೆಗೆದು, ಮೀಸೆ ಬಿಟ್ಟು, ಬರೀ ಹಣೆಯಲ್ಲಿ ತೆಗೆಸಿದ್ದು. ಅದು ಅಪಾಯವಲ್ಲವೇ ಎಂದು ತನ್ನನ್ನೇ ಕೇಳಿಕೊಂಡು ಉತ್ತರವನ್ನೂ ಕೊಟ್ಟುಕೊಂಡ: ಮುಖವೊಂದಿದ್ದರೆ ಸಾಲದು, ಆ ಮುಖಕ್ಕೆ ಹೆಸರು ಹೇಳುವವರು ಬೇಕು. ಕಂಪ್ಲಿಯಲ್ಲಿ ಅಂಥವರು ಯಾರೂ ಇರಲಿಲ್ಲ.

ಆದರೂ ಅವನಿಗೆ ಹೆದರಿಕೆ. ಅದು ಬಂದದ್ದು ಮೊದಲ ದಿನವೇ. ಬ್ಯಾಂಕಿನ ಜವಾನ “ಪಾಲಪ್ಪ” ಎಂದು ಕೂಗಿದಾಗ ಕೊಟ್ರಯ್ಯ ಅಲ್ಲಾಡದೆ ಕೂತಿದ್ದ. ಮತ್ತೆ ಕೂಗಿದಾಗಲೇ ಧಡಕ್ಕನೆ ಎದ್ದುನಿಂತ. ಊರಿಗೆ ಬಂದವನೇ ಅಭ್ಯಾಸಕ್ಕೆ ತೊಡಗಿದ. ಬಚ್ಚಲಲ್ಲಿ ನೀರು ಹೊಯ್ದುಕೊಳ್ಳುತ್ತಾ ಪಾಲಪ್ಪ ಎಂದು ತಾನೇ ಕರೆದು, ತಾನೇ ಓ ಎನ್ನುತ್ತಿದ್ದ. ಒಳಗೆ ಯಾರಿದ್ದಾರೆಂದು ಹೆಂಡತಿ ಸುನಿತಾ ಹೊರಗಿನಿಂದ ಕೇಳಿದಾಗ ಚೊಂಬು ಕೈಜಾರಿತು. ಕಿವಿಯನ್ನು ಪಳಗಿಸಿದ, ನಾಲಿಗೆಯನ್ನು ಪಳಗಿಸಿದ. ಡ್ರೈವರಂತೆ ಕಾಲು ಅಗಲಿಸಿ ನಿಲ್ಲುವುದನ್ನು ಕಲಿತ. ಕಂಪ್ಲಿಗೆ ಹೋಗುವಾಗಲೆಲ್ಲ ನಡುವೆ ಕಮಲಾಪುರದಲ್ಲಿ ಇಳಿದು, ಕೆರೆಯಲ್ಲಿ ಮುಖ ತೊಳೆದು ವಿಭೂತಿ ಅಳಿಸಿ, ಪಾಳುಬಿದ್ದ ಮಂಟಪದ ಹಿಂದೆ ನಿಂತು ಖಾಕಿ ಅಂಗಿ ತೊಡುತ್ತಿದ್ದ. ಹಂಪಿ ನೋಡಲು ಬಂದ ಫಾರಿನ್ನವರಿಗೆ ಅವನೂ ಒಂದು ನೋಟವಾಗಿದ್ದಿರಬಹುದು. ಕೊರಳ ಲಿಂಗ ಅಂಗಿಯೊಳಗೆ ಕಾಣುತ್ತಿರಲಿಲ್ಲ. ವಿಭೂತಿಯ ಗಟ್ಟಿಯನ್ನು ಮಾತ್ರ ಎಲ್ಲಿಯೂ ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ನೆಲದ ಮೇಲೆ, ಚಪ್ಪಲಿ ಇಡುವ ಚೀಲದಲ್ಲಿ ಅದನ್ನು ಇಡಬಾರದೆಂದು ಅಪ್ಪ ಹೇಳಿದ್ದ. ಖಾಕಿ ಅಂಗಿಯ ಜೇಬಿಗೇ ಹಾಕಿಕೊಂಡ. ಜೇಬು ತಡವಿ ನೋಡುವವರು ಬ್ಯಾಂಕಿನಲ್ಲಿ ಯಾರಿದ್ದಾರೆ?

ಚೆಕ್ಕು ಖಾತೆಗೆ ಬಿತ್ತು. ಒಮ್ಮೆಗೇ ಎಲ್ಲ ತೆಗೆದರೆ ಕಣ್ಣಿಗೆ ಬೀಳುತ್ತದೆಂದು ಸ್ವಲ್ಪ ತೆಗೆದು ಮಿಕ್ಕದ್ದನ್ನು ಬಿಟ್ಟ. ಆ ದುಡ್ಡು ಮನೆಗೆ ಬಂದ ದಿನದಿಂದ ಅವನಿಗೆ ನಿದ್ದೆ ಹತ್ತಲಿಲ್ಲ. ಆಫೀಸಿನ ಫೋನು ರಿಂಗಾದರೆ ಪೆನ್ನು ಕೆಳಗಿಟ್ಟು ಅತ್ತ ಕಿವಿಗೊಡುತ್ತಿದ್ದ. ಆಡಿಟರು ಸುಮ್ಮನೆ ಹೆಸರು ಹಿಡಿದು ಕರೆದರೂ ಕುರ್ಚಿ ಬಿಟ್ಟು ಎದ್ದುನಿಲ್ಲುತ್ತಿದ್ದ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ, ಜೈಲಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಅಪ್ಪನ ಕಾಲದಿಂದ ತನ್ನ ಕಾಲು ಮುಟ್ಟುತ್ತಾ ಬಂದ ಜನ ತನ್ನನ್ನು ಕಳ್ಳನೆನ್ನುತ್ತಾರೆ. 

ಫೆಬ್ರುವರಿಯಲ್ಲಿ ಮೆಟ್ರಿಯಿಂದ ಬಸಕ್ಕನೆಂಬ ಮುದುಕಿ ಬಂದಳು. ಅವಳ ಒಬ್ಬನೇ ಮಗ ಸಂಡೂರಿನ ರಸ್ತೆಯಲ್ಲಿ ಅದಿರು ಲಾರಿಯ ಕೆಳಗೆ ಸಿಕ್ಕು ಸತ್ತಿದ್ದ. ಹೊಸಪೇಟೆಯ ಕೋರ್ಟು ಪರಿಹಾರ ಕೊಡಿಸಿ, ಓದು ಬಾರದ ಹೆಂಗಸೆಂದು ಅದನ್ನು ಬ್ಯಾಂಕಿನಲ್ಲಿ ಠೇವಣಿ ಇಡಿಸಿತ್ತು. ಬಡ್ಡಿಯಲ್ಲಿ ಅವಳ ಊಟ ನಡೆಯಬೇಕು. ಆ ಬಡ್ಡಿಯಿಂದಲೂ ತೆರಿಗೆ ಹಿಡಿದಿದ್ದರು.

ಅವಳು ಕಾಲು ಮುಟ್ಟಿ, ಹಣೆಗೆ ವಿಭೂತಿ ಹಚ್ಚಿಸಿಕೊಂಡು, ಕೆಳಗೇ ಕೂತು ಕೇಳಿದಳು: “ಸತ್ತ ಮಗನ ಮ್ಯಾಲೂ ಟ್ಯಾಕ್ಸ್ ಐತೇನ್ರಿ ಅಯ್ನೋರ?”

ಕೊಟ್ರಯ್ಯನಿಗೆ ಇಲ್ಲೂ ದಾರಿ ಸುಲಭವೇ ಇತ್ತು. ಪಾಲಪ್ಪನಿಗೆ ಹೇಳಿದ ಮಾತನ್ನೇ ಇವಳಿಗೂ ಹೇಳಬಹುದಿತ್ತು. ಆದರೆ ಸತ್ತವನ ರಕ್ತದ ದುಡ್ಡು ಅದು. ಅದನ್ನು ಮುಟ್ಟಿದರೆ ತನ್ನ ಮಕ್ಕಳಿಗೆ ತಟ್ಟುತ್ತದೆಂದು ಅವನಿಗೆ ಭಯವಾಯಿತು. ನಿಜವನ್ನೇ ಹೇಳಿದ. ಆದಾಯ ಮಿತಿಯೊಳಗಿದೆ ಎಂದು ಬ್ಯಾಂಕಿಗೆ ಒಂದು ಕಾಗದ ಕೊಟ್ಟರೆ ಸಾಕು, ಹಿಡಿಯುವುದಿಲ್ಲ. ಕಾಗದ ಅಲ್ಲೇ ಕೊಡುತ್ತಾರೆ, ಹೆಬ್ಬೆಟ್ಟು ಒತ್ತಿದರಾಯಿತು.

“ವರ್ಷಾ ಏಪ್ರಿಲ್ ಬಿದ್ದ ಕೂಡ್ಲೆ ಹೋಗ್ಬೇಕು ನೋಡ್ರಿ ತಾಯಿ. ಯಾರನ್ನೂ ಕಳಸಬ್ಯಾಡ್ರಿ, ನೀವೇ ಹೋಗ್ರಿ,” ಎಂದ. ಈಗಾಗಲೇ ಹಿಡಿದದ್ದಕ್ಕೆ ಅರ್ಜಿಯನ್ನೂ ತಾನೇ ಬರೆದುಕೊಡುವೆನೆಂದು ಹೇಳಿ, ಕಾಸು ಬೇಡವೆಂದ. ಅವಳು ಕಣ್ಣೊರೆಸಿಕೊಂಡು ಹೋದ ಮೇಲೆ ಅವನಿಗೆ ಎದೆ ಹಗುರವಾಯಿತು. ತಾನು ಕಳ್ಳನಲ್ಲ, ಒಂದೇ ಒಂದು ಸಲ ಕೈ ಜಾರಿದವನು ಅಷ್ಟೇ ಎಂದುಕೊಂಡ. ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ.

ಮಾರ್ಚಿನಲ್ಲಿ ಪಾಲಪ್ಪ ಮತ್ತೆ ಬಂದ. ಮುಖ ಇಳಿದಿತ್ತು. ಕಂತು ನಿಂತಿದೆಯೆಂದು ಫೈನಾನ್ಸಿನವರು ಲಾರಿಯನ್ನು ಎಳೆದೊಯ್ಯುವುದಾಗಿ ಹೇಳಿದ್ದರಂತೆ. ಚೆಕ್‌ಪೋಸ್ಟಿನಲ್ಲಿ ಸಿಕ್ಕ ಇನ್ನೊಬ್ಬ ಡ್ರೈವರು ತನಗೆ ಹಿಡಿದದ್ದು ವಾಪಸು ಬಂತೆಂದು ಹೇಳಿದನಂತೆ.

“ನಿಮ್ಮ ಮಾತಿನ ಮ್ಯಾಲೆ ಅನುಮಾನಲ್ರಿ ಅಯ್ನೋರ,” ಎಂದ. “ಕಾಯ್ದೆ ಬದಲಾಗೈತೇನೋ. ಈ ಮಾರ್ಚ್ ಗಡಿಬಿಡಿ ಮುಗೀಲಿ, ಬಳ್ಳಾರಿ ಆಫೀಸಿಗೇ ಹೋಗಿ ಕೇಳಿಬರ್ತೀನಿ. ಆ ದುಡ್ಡು ಬಂದ್ರ ಲಾರಿ ಉಳೀತೈತ್ರಿ.”

ಹೋಗಿ ಬಾ ಎಂದು ಕೊಟ್ರಯ್ಯ ಹೇಗೋ ನಕ್ಕ.  ಪಾಲಪ್ಪ ಬಳ್ಳಾರಿಗೆ ಹೋದರೆ ಚೆಕ್ಕು ಯಾವ ಬ್ಯಾಂಕಿನಲ್ಲಿ ನಗದಾಯಿತೆಂದು ಹೇಳುತ್ತಾರೆ. ಹೇಳಲಿ. ಅಷ್ಟರೊಳಗೆ ಖಾತೆ ಮುಚ್ಚಿರುತ್ತದೆ. ಯಾವನೋ ಮೋಸಗಾರ ಕಂಪ್ಲಿಯಲ್ಲಿ ತಿಂದುಹಾಕಿದನೆಂದು ತಾನೇ ಮುಂದೆ ನಿಂತು ದೂರು ಬರೆದುಕೊಡಬಹುದು. ಟಪಾಲು ಕಳುವಾಯಿತೆಂದರಾಯಿತು. ಮಸುಕು ಫೋಟೋ ಒಂದನ್ನು ಹಿಡಿದು ಯಾರನ್ನು ಹುಡುಕುತ್ತಾರೆ? ಮಾರ್ಚಿನ ಕೊನೆಯಲ್ಲಿ ಬ್ಯಾಂಕಿನವರು ಒಂದೊಂದನ್ನೂ ಕಣ್ಣಿಟ್ಟು ನೋಡುತ್ತಾರೆ. ಏಪ್ರಿಲ್ ಮೊದಲಿನ ಜನಜಂಗುಳಿಯಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ. ಆಗಲೇ ಹೋಗುವುದೆಂದು ತೀರ್ಮಾನಿಸಿದ.

ಅವತ್ತು ಕಮಲಾಪುರದ ಕೆರೆಯಲ್ಲಿ ಹಣೆ ತಿಕ್ಕಿ ತಿಕ್ಕಿ ತೊಳೆದ. ಸಂಡೂರಿನ ರಸ್ತೆಯಿಂದ ಪೊಟ್ಟಣ ಕಟ್ಟಿ ತಂದಿದ್ದ ಕೆಂಧೂಳನ್ನು ಖಾಕಿಯ ತೋಳಿಗೆ ಸವರಿಕೊಂಡ. ಇದೇ ಕೊನೆ, ಇನ್ನೆಂದೂ ಇಲ್ಲ ಎಂದು ಜೇಬಿನ ವಿಭೂತಿ ಮುಟ್ಟಿ ಆಣೆ ಮಾಡಿದ. ಕಂಪ್ಲಿಯಲ್ಲಿ ಎಣಿಸಿದ ಹಾಗೆಯೇ ಜನ ತುಂಬಿದ್ದರು. ಪಾಸ್‌ಬುಕ್ಕು, ಖಾತೆ ಮುಚ್ಚುವ ಅರ್ಜಿ ಒಳಗೆ ಕೊಟ್ಟು ಗೋಡೆಗೆ ಒರಗಿ ನಿಂತ. ಒಳಗಿನ ಕ್ಲಾರ್ಕು ಫೋಟೋ ಇದ್ದ ಹಳೆಯ ಕಾಗದ ತೆಗೆದು ಸಹಿ ಹೋಲಿಸುವುದು ಕಾಣುತ್ತಿತ್ತು.  “ಪಾಲಪ್ಪ, ವಡ್ಡು” ಎಂದು ಜವಾನ ಕೂಗಿದ್ದೇ ಕೊಟ್ರಯ್ಯ “ಓ” ಎಂದ. ಧ್ವನಿ ಸರಿಯಾಗಿತ್ತು. ಕೌಂಟರಿಗೆ ಹೋದ, ಕಾಲು ಅಗಲಿಸಿ ನಿಂತ. ಕ್ಲಾರ್ಕು ಮುಖ ನೋಡಿ, ಫೋಟೋ ನೋಡಿ, ನೋಟು ಎಣಿಸತೊಡಗಿದ.

“ಅಯ್ನೋರ?”

ಪಕ್ಕದಲ್ಲಿ ಬಸಕ್ಕ ನಿಂತಿದ್ದಳು. ಕೈಯಲ್ಲಿ ಹೆಬ್ಬೆಟ್ಟು ಒತ್ತಿದ ಕಾಗದ, ಬೆರಳಿಗಿನ್ನೂ ಮಸಿ. ಕೋರ್ಟು ಹೊಸಪೇಟೆಯದಾದ್ದರಿಂದ ಠೇವಣಿಯೂ ಅಲ್ಲೇ ಇರಬೇಕೆಂದು ಕೊಟ್ರಯ್ಯ ಎಣಿಸಿದ್ದ. ಮುದುಕಿಗೆ ತಿರುಗಾಟ ಬೇಡವೆಂದು ಕೋರ್ಟು ಅವಳ ಊರಿಗೆ ಹತ್ತಿರದ ಬ್ಯಾಂಕಿನಲ್ಲೇ ಇಡಿಸಿತ್ತು. ಮೆಟ್ರಿಯವರಿಗೆ ಹತ್ತಿರದ್ದು ಕಂಪ್ಲಿ. ಆದರೂ ಅವನ ಬುದ್ಧಿ ಕೈಕೊಡಲಿಲ್ಲ. ಮುದುಕಿಗೆ ಇನ್ನೂ ಖಾತ್ರಿಯಾಗಿಲ್ಲ. ಬರೀ ಹಣೆ, ಖಾಕಿ ಅಂಗಿ, ಕನ್ನಡಕವಿಲ್ಲದ ಮುಖ ನೋಡಿ ಅನುಮಾನಿಸುತ್ತಿದ್ದಾಳೆ. ನಾನು ಪಾಲಪ್ಪ, ಲಾರಿ ಡ್ರೈವರು, ನೀ ಯಾರಬೇ ಎಂದರೆ ಮುಗಿಯಿತು. ಮಾತು ನಾಲಿಗೆಯ ತುದಿಗೆ ಬಂದಿತ್ತು.

ಅಷ್ಟರಲ್ಲಿ ಬಸಕ್ಕ, ಯಾವುದಕ್ಕೂ ಇರಲೆಂಬಂತೆ, ಬಗ್ಗಿ ಅವನ ಕಾಲು ಮುಟ್ಟಿದಳು. ಕೊಟ್ರಯ್ಯ ಕಿವಿಯನ್ನು ಪಳಗಿಸಿದ್ದ, ನಾಲಿಗೆಯನ್ನು, ಕಾಲನ್ನು ಪಳಗಿಸಿದ್ದ, ಕೈಯನ್ನು ಮರೆತಿದ್ದ. ಹುಟ್ಟಿದಾಗಿನಿಂದ ಕಾಲು ಮುಟ್ಟಿದವರ ಮುಂದೆ ಆ ಕೈ ಮಾಡಿದ್ದು ಒಂದೇ ಕೆಲಸ. ಅದು ತಾನಾಗಿ ಖಾಕಿ ಜೇಬಿಗೆ ಹೋಯಿತು, ವಿಭೂತಿಯ ಗಟ್ಟಿಗೆ ಮೂರು ಬೆರಳು ಉಜ್ಜಿತು, ಎದ್ದು ನಿಂತ ಮುದುಕಿಯ ಹಣೆಗೆ ಅಡ್ಡಲಾಗಿ ಎಳೆಯಿತು. ಬಸಕ್ಕನ ಮುಖ ಅರಳಿತು. ಕೌಂಟರಿನ ಕಡೆ ತಿರುಗಿ, ತನ್ನ ಕಾಗದವನ್ನು ಕ್ಲಾರ್ಕಿನ ಮುಂದಿಟ್ಟು, “ಬಡವ್ರಿಗೆ ಟ್ಯಾಕ್ಸ್ ಹಿಡಿಯಂಗಿಲ್ಲಂತ ಹೇಳಿಕೊಟ್ಟೋರು ಇವ್ರೇ ನೋಡ್ರಿ. ಹೊಸಪ್ಯಾಟಿ ಆಡಿಟರ್ ಆಫೀಸಿನ ಕೊಟ್ರಯ್ಯನೋರು,” ಎಂದಳು. ಕ್ಲಾರ್ಕು ನೋಟು ಎಣಿಸುವುದನ್ನು ನಿಲ್ಲಿಸಿ, ಪಾಲಪ್ಪನ ಫೋಟೋವನ್ನು ಮತ್ತೆ ಕೈಗೆತ್ತಿಕೊಂಡ.