ಸೋಮವಾರ ಹೂಡಿದ ಎತ್ತು

೧೯೪೬ನೆಯ ಇಸವಿ ಮಾರ್ಚ್ ೧೧, ಸೋಮವಾರ. ಸಂಜೆ ಐದು ಗಂಟೆಗೆ ಮಧ್ವೇಶಾಚಾರ್ಯರು ಹಿರೇಕೆರೂರಿನ ಪೊಲೀಸ್ ಠಾಣೆಗೆ ಕುದುರೆ ಟಾಂಗಾದಲ್ಲಿ ಬಂದಿಳಿದರು. ಅರ್ಧ ಫಿರ್ಯಾದು ಅದರಲ್ಲೇ ತಿಳಿಯಿತು. ಊರೂರು ತಿರುಗಿ ಮಕ್ಕಳಿಗೆ ಸಿಡುಬಿನ ಲಸಿಕೆ ಹಾಕುವ ಈ ಸರಕಾರಿ ನೌಕರರು ಜನವರಿಯಿಂದ ಈಚೆಗೆ ಮೋಟಾರ್ ಸೈಕಲ್ ಬಿಟ್ಟು ಬೇರೆ ಯಾವುದನ್ನೂ ಹತ್ತಿರಲಿಲ್ಲ.

ಫೌಜದಾರ ಹಯಾತಖಾನರು ಕುರ್ಚಿ ತೋರಿಸಿದರು. ಸವಣೂರಿನ ಮನುಷ್ಯ, ಮಾತು ಕಡಿಮೆ.

“ಎಲ್ಲಿಂದ ಹೋತು?”

“ಚಿಕ್ಕೇರೂರು ಚಾವಡಿ ಮುಂದಿನಿಂದ. ಬೇವಿನ ಗಿಡದ ನೆರಳಿಗೆ ನಿಲ್ಲಿಸಿ ನಮ್ಮ ಪೈಕಿ ಭಾಗೀರಥಿಬಾಯಿ ಅವರ ಮನಿಗೆ ಊಟಕ್ಕ ಹೋಗಿದ್ದೆ. ಬಂದು ನೋಡಿದ್ರ ಬರೇ ನೆರಳದ.”

“ಸದ್ದು ಕೇಳಿಸಲಿಲ್ಲೇನು?”

“ಇಲ್ಲ. ಅದು ಶುರು ಆದ್ರ ಮೂರು ಊರಿಗೆ ಕೇಳಸ್ತದ. ಯಾರೋ ಸುಮ್ಮನ ತಳ್ಳಿಕೊಂಡು ಹೋಗ್ಯಾರ.”

“ಯಾರ ಕಡೆಯಿಂದ ಕೊಂಡಿದ್ರಿ?”

“ಅದೇ ಊರಿನ ಶಂಕ್ರಪ್ಪನ ಕಡೆ. ಅವನ ತಮ್ಮ ಕರಿಬಸಪ್ಪಂದು. ತಮ್ಮ ಮಿಲಿಟರಿ ಡ್ರೈವರ್ ಆಗಿ ಹೋದವ ಬರ್ಮಾದಾಗ ತೀರಿಕೊಂಡ. ನಾಕು ವರ್ಷ ದನದ ಕೊಟ್ಟಿಗ್ಯಾಗ ಬಿದ್ದಿತ್ತು, ಗುಜರಿ ರೇಟಿಗೆ ಕೊಟ್ಟ.”

ಅಗ್ಗದ ಗಾಡಿ ಕೊಂಡವನ ಪಾಡು ಏನೆಂದು ಆಚಾರ್ಯರು ಬಲ್ಲರು. ಸೀಟಿನೊಳಗೆ ಇಲಿ ಸಂಸಾರ ಹೂಡಿತ್ತು. ಟೈರು ಮುಟ್ಟಿದರೆ ಉದುರುತ್ತಿತ್ತು. ಸವಣೂರಿನ ಮೇಸ್ತ್ರಿ ಕರೀಮಸಾಬ ಎರಡು ತಿಂಗಳು ಅದನ್ನು ಬಿಚ್ಚಿ ಹರವಿಕೊಂಡು ಕೂತ. ರಜೆ ಸಿಕ್ಕಾಗಲೆಲ್ಲ ಆಚಾರ್ಯರು ಅವನ ಪಕ್ಕ ಕೂತು ಸೀಮೆಎಣ್ಣೆಯಲ್ಲಿ ನಟ್ಟು ತೊಳೆದರು. ಯುದ್ಧದ ದೆಸೆಯಿಂದ ಹೊಸ ಸೈಲೆನ್ಸರ್ ಎಲ್ಲೂ ಸಿಗಲಿಲ್ಲ. ಹಳೆಯದಕ್ಕೇ ತಗಡಿನ ತೇಪೆ ಹಾಕಿದರು. ಗಾಡಿ ಮೊದಲಿನ ದನಿಯಲ್ಲೇ ಗುಡುಗಿತು. ಆ ದಿನ ಆಚಾರ್ಯರು ಮಗ ಹುಟ್ಟಿದವರಂತೆ ಪೇಡೆ ಹಂಚಿದ್ದರು.

“ಮಾರುವಾಗ ಶಂಕ್ರಪ್ಪ ಏನಾದ್ರೂ ಹೇಳಿದ್ನೇನು?”

ಆಚಾರ್ಯರು ಪೇಟ ಸರಿಪಡಿಸಿಕೊಂಡರು. “ಬಿಚ್ಚಿ ಸಾಮಾನು ಮಾರ್ಕೊಳ್ರಿ, ಓಡಿಸಬ್ಯಾಡ್ರಿ ಅಂದಿದ್ದ. ನಾನೂ ಹೂಂ ಅಂದಿದ್ದೆ. ಆದ್ರ ಓಡೋ ಗಾಡಿ ಯಾರು ಬಿಚ್ತಾರ್ರಿ?”

ಫೌಜದಾರರು ಎಫ್‌ಐಆರ್ ಬರೆಸಿ ಸಹಿ ತೆಗೆದುಕೊಂಡರು.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಚಾವಡಿಯ ಮುಂದೆ ಪಂಚನಾಮೆ ನಡೆಯಿತು. ಬೇವಿನ ಗಿಡದಿಂದ ಮೋಟಾರ್ ಸೈಕಲ್ಲಿನ ಗಾಲಿಯ ಗುರುತು ಚಾವಡಿಯ ಹಿಂದಿನ ಓಣಿಗೆ ತಿರುಗಿ, ಅಲ್ಲೇ ಮುಗಿದಿತ್ತು. ಮುಗಿದಲ್ಲಿ ಎರಡು ಹಲಗೆ ಊರಿದ ಗುರುತು. ಮುಂದಕ್ಕೆ ಚಕ್ಕಡಿಯ ಗಾಲಿ, ಎತ್ತಿನ ಗೊರಸು.

ಕಾನ್ಸ್ಟೇಬಲ್ ಪರಮೇಶಪ್ಪ ಕುಕ್ಕರುಗಾಲಲ್ಲಿ ಕೂತು ಗೊರಸಿನ ಗುರುತನ್ನೇ ನೋಡಿದ. ಅವನು ರಟ್ಟೀಹಳ್ಳಿಯ ರೈತರ ಮನೆಯ ಹುಡುಗ.

“ಸಾಹೇಬ್ರ, ನಿನ್ನಿ ಸೋಮವಾರ.”

“ಹೌದು. ಅದಕ್ಕ?”

“ಸೋಮವಾರ ಬಸವಣ್ಣನ ದಿನರಿ. ನಮ್ಮ ಕಡೆ ಯಾರೂ ಎತ್ತಿನ ಹೆಗಲಿಗೆ ನೊಗ ಇಡಂಗಿಲ್ಲ. ಕಳ್ಳ ಆದ್ರೂ ಇಡಂಗಿಲ್ಲ. ನೊಗ ಇಟ್ಟಾನಂದ್ರ ಅದಕ್ಕಿಂತ ದೊಡ್ಡ ಕೆಲಸ ಇರಬೇಕು.”

ಸೋಮವಾರ ರೈತರು ಮನೆಯಲ್ಲಿರುತ್ತಾರೆಂದೇ ಆಚಾರ್ಯರು ಲಸಿಕೆಗೆ ಆ ದಿನ ಇಟ್ಟುಕೊಂಡಿದ್ದರು. ಹಯಾತಖಾನರು ಚಾವಡಿಯ ಕಟ್ಟೆಯ ಮೇಲೆ ಕೂತು, ಗಾಡಿ ಕದ್ದವರಾರು ಎಂದು ಕೇಳಲಿಲ್ಲ; ನಿನ್ನೆ ಎತ್ತು ಹೂಡಿದವರಾರು ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಜನ ಇದಕ್ಕೆ ಮಾತ್ರ ನೆಲ ನೋಡಿದರು. ಕಡೆಗೆ ಫಕ್ಕೀರವ್ವ ಎಂಬ ಮುದುಕಿ ಬಾಯಿ ಬಿಟ್ಟಳು.

“ಶಂಕ್ರಪ್ಪ ಹೂಡಿದ್ದ ನನ್ನಪ್ಪ. ಮ್ಯಾಲೆ ಜ್ವಾಳದ ಕಣಿಕಿ ಹೇರಿದ್ದ. ‘ಇವತ್ತ್ಯಾಕೋ ಎತ್ತು ಹೂಡಿದಿ’ ಅಂದೆ. ಅಳಾಕತ್ತಿದ್ದ. ನಾ ಮುಂದ ಕೇಳಲಿಲ್ಲ.”

ಶಂಕ್ರಪ್ಪ ಮನೆಯ ಪಡಸಾಲೆಯಲ್ಲೇ ಇದ್ದ. ಐವತ್ತರ ಗಟ್ಟಿ ಆಳು. ಪೊಲೀಸರನ್ನು ಕಂಡು ಎದ್ದು ನಿಂತ, ಓಡಲಿಲ್ಲ.

“ಬರ್ರಿ, ಕುಂದರ್ರಿ.”

“ಗಾಡಿ ಎಲ್ಲೈತಿ?”

“ಮಣ್ಣು ಕೊಟ್ಟೇನ್ರಿ.”

ಪರಮೇಶಪ್ಪನ ಕೈಯಲ್ಲಿದ್ದ ಬೇಡಿ ಅಲ್ಲೇ ನಿಂತಿತು.

“ನನ್ನ ತಮ್ಮನ ಹೆಣ ಬರಲಿಲ್ಲ ಸಾಹೇಬ್ರ. ಸತ್ತಾನಂತ ಬರೇ ತಾರು ಬಂತು. ಅವನ ಹೇಣ್ತಿ ಅನ್ನವ್ವ, ‘ಮಣ್ಣು ಕೊಡದ ನಾ ಬಳಿ ಒಡ್ಯಾಂಗಿಲ್ಲ’ ಅಂದ್ಲು. ನಾಕು ವರ್ಷ ಆ ಗಾಡಿ ಒರಸ್ಕೋತ ಕುಂತ್ಲು. ಕಣ್ಮರಿ ಆದ್ರ ಮರತಾಳು ಅಂತ ಮಾರಿದೆ. ಬಿಚ್ಚಿ ಹಾಕ್ರಿ ಅಂದ್ರ ಆಚಾರ್ರು ರಿಪೇರಿ ಮಾಡಿಸಿದ್ರು. ಅದ ಸದ್ದು! ಕೇಳಿದ ಕೂಡ್ಲೆ ಆಕಿ ಕಾಲು ತೊಳ್ಯಾಕ ನೀರಿನ ತಂಬಿಗಿ ಹಿಡಕೊಂಡು ಊರ ಅಗಸಿ ಬಾಗಲಿಗೆ ಓಡೂಕಿ. ಪ್ರತಿ ಸಲ ನಾನ ಹೋಗಿ ಹೇಳಬೇಕು, ‘ಅವ ಅಲ್ಲವ್ವ, ಅವ ಸತ್ತಾನ’ ಅಂತ. ಎಷ್ಟು ಸಲ ಸಾಯಿಸಲಿ ನನ್ನ ತಮ್ಮನ್ನ?”

“ಆಚಾರ್ಯರಿಗೆ ಹೇಳಬಾರದಿತ್ತೇನು?”

“ಗಾಡಿ ಈ ಊರ ಮುಂದ ತರಬ್ಯಾಡ್ರಿ ಅಂತ ಹೇಳಿದೆ. ಇದ್ದದ್ದು ಇದೊಂದ ರಸ್ತೆ ಅಂದ್ರು. ಸುಳ್ಳಲ್ಲ ಅದು.”

“ಸೋಮವಾರ ಎತ್ತು ಹೂಡಿದಿ?”

“ಮಣ್ಣಿಗೆ ವಾರ ಇಲ್ಲರಿ.”

ಒಳಬಾಗಿಲ ಮರೆಯಲ್ಲಿ ಅನ್ನವ್ವ ಮಲಗಿದ್ದಳು. ನಿನ್ನೆ ಗುಂಡಿಗೆ ಮೂರು ಹಿಡಿ ಮಣ್ಣು ಹಾಕಿ, ಬಳೆ ಒಡೆದುಕೊಂಡು, ಮನಸಾರೆ ಅತ್ತು, ನಾಲ್ಕು ವರ್ಷದಲ್ಲಿ ಮೊದಲ ಸಲ ಕಣ್ತುಂಬ ನಿದ್ದೆ ಮಾಡಿದ್ದಳು. ಎಬ್ಬಿಸಬೇಡಿ ಎಂದು ಶಂಕ್ರಪ್ಪ ಕೈಮುಗಿದ. ಫೌಜದಾರರು ಎಬ್ಬಿಸಲಿಲ್ಲ. ಕಳವಿನ ಆರೋಪದ ಮೇಲೆ ಶಂಕ್ರಪ್ಪನನ್ನು ಅರೆಸ್ಟ್ ಮಾಡಿ ಕರೆದುಕೊಂಡು ಹೊರಟರು.

ಬುಧವಾರ ಬೇಡಿ ಹಾಕಿದ ಶಂಕ್ರಪ್ಪನನ್ನು ಕರೆತಂದು ಅವನ ಹೊಲದಲ್ಲಿ ಎರಡನೆಯ ಪಂಚನಾಮೆ. ಗುರುತು ಹಿಡಿಯಲು ಕರೀಮಸಾಬನನ್ನು ಸವಣೂರಿನಿಂದ ಕರೆಸಿದ್ದರು. ಬನ್ನಿಗಿಡದ ಬುಡದಲ್ಲಿ ಹಸಿ ಮಣ್ಣಿನ ದಿಬ್ಬ, ಮೇಲೆ ಬಿಲ್ವಪತ್ರೆ, ವಿಭೂತಿ. ಹಯಾತಖಾನರು ಅದನ್ನು ಕಂಡು ಬೂಟು ಕಳಚಿ ಬದಿಗಿಟ್ಟರು. ಅವರ ಮನೆಯಲ್ಲೂ ಸತ್ತವರಿಗೆ ಮಣ್ಣೇ ಕೊಡುತ್ತಾರೆ; ಕೊಟ್ಟ ಮಣ್ಣನ್ನು ತೆಗೆಯುವುದು ಎಂಥ ಪಾಪವೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆದರೆ ಕೋರ್ಟಿಗೆ ಒಪ್ಪಿಸಬೇಕಾದ ಮುದ್ದೆಮಾಲು ನೆಲದೊಳಗಿತ್ತು.

“ಅಗೀರಿ,” ಎಂದರು.

ಇಳಿಜಾರು ತೋಡಿ ಗಾಡಿಯನ್ನು ನಿಲ್ಲಿಸಿಯೇ ಹೂಳಲಾಗಿತ್ತು. ಮೈತುಂಬ ಹೊಸ ಕರಿ ಕಂಬಳಿ ಸುತ್ತಿತ್ತು. ಕರೀಮಸಾಬ ಕಂಬಳಿ ಬಿಡಿಸಿ, ಸೈಲೆನ್ಸರಿನ ಮೇಲಿನ ತನ್ನ ತೇಪೆಯನ್ನು ಬೆರಳಿಂದ ಮುಟ್ಟಿ, ಇದೇ ಗಾಡಿ ಎಂದ. ಆಚಾರ್ಯರು ಅತ್ತ ಮುಖ ತಿರುಗಿಸಿ ನಿಂತಿದ್ದರು.

ಮಾಲಿನ ಸ್ಥಿತಿ ಹೇಗಿದೆ ಎಂದು ಪಂಚನಾಮೆಯಲ್ಲಿ ಬರೆಯಬೇಕಿತ್ತು. ಹದಿನೆಂಟು ವರ್ಷದ ನೌಕರಿಯ ರೂಢಿ. ಹಯಾತಖಾನರ ಬಾಯಿಂದ ಮಾತು ತಾನಾಗಿಯೇ ಬಂತು.

“ಚಾಲೂ ಐತೇನು ನೋಡು.”

ಕರೀಮಸಾಬ ಪ್ಲಗ್ ಒರೆಸಿ ಕಿಕ್ ಹೊಡೆದ. ಮೂರನೆಯ ಸಲಕ್ಕೆ ಗಾಡಿ ಗುಡುಗಿತು. ಒಳಗೆ ಮಣ್ಣಿನ ಕಣವೂ ಹೋಗದ ಹಾಗೆ ಸುತ್ತಿದ್ದ ಶಂಕ್ರಪ್ಪ, ಬೇಡಿಯ ಕೈಗಳಿಂದ ಎರಡೂ ಕಿವಿ ಮುಚ್ಚಿಕೊಂಡ. ಆಗ ಫೌಜದಾರರಿಗೆ ತಿಳಿಯಿತು.

“ಬಂದ್ ಮಾಡು! ಬಂದ್ ಮಾಡು!”

ಸದ್ದು ನಿಂತಿತು. ಅಷ್ಟರಲ್ಲಿ ಅದು ಊರು ಮುಟ್ಟಿತ್ತು. ಸ್ವಲ್ಪ ಹೊತ್ತಿಗೆ ಚಕ್ಕಡಿ ದಾರಿಯ ಮೇಲೆ ಒಬ್ಬ ಹೆಣ್ಣುಮಗಳು ಓಡಿ ಬರುವುದು ಕಂಡಿತು. ಬಳೆಯಿಲ್ಲದ ಬರಿಗೈಯಲ್ಲಿ ತಂಬಿಗೆ. ನೀರು ಚೆಲ್ಲುತ್ತಿತ್ತು. ಬದುವಿನ ಹತ್ತಿರ ಬಂದು ನಿಂತು, ಗಾಡಿಯನ್ನೂ ಸುತ್ತ ನಿಂತವರನ್ನೂ ಒಬ್ಬೊಬ್ಬರನ್ನಾಗಿ ನೋಡತೊಡಗಿದಳು.

ಶಂಕ್ರಪ್ಪ ನೆಲಕ್ಕೆ ಕುಸಿದು ಕೂತ.

“ಈ ಸಲ ನೀವ ಹೇಳ್ರಿ ಸಾಹೇಬ್ರ,” ಎಂದ. “ನನ್ನ ಕಡೆ ಆಗಂಗಿಲ್ಲ.”

ಹಯಾತಖಾನರು ಟೋಪಿ ತೆಗೆದು ಕೈಯಲ್ಲಿ ಹಿಡಿದು, ಬರಿಗಾಲಲ್ಲೇ ಬದುವಿನ ಕಡೆ ನಡೆದರು.