ಕಿವಿಯೊಳಗಿನ ಮಣಿ

“ಅಲ್ಲಾಡಬೇಡ ಅಂದ್ನಲ್ಲ! ಕಲ್ಲಿನ ಥರ ಕೂತ್ಕೋ.”

“ನಾನು ಕೂತೇ ಇದೀನಿ. ಕಿವಿನೇ ಅಲ್ಲಾಡ್ತಿದೆ,” ಎಂದ ಪುಟ್ಟ.

ಅಕ್ಕ ಅವನ ತಲೆಯನ್ನು ತೊಡೆಯ ಮೇಲೆ ಒತ್ತಿ ಹಿಡಿದು ಕಿವಿಯೊಳಗೆ ಇಣುಕಿದಳು. ಒಳಗೆ ನೀಲಿ ಮಣಿಯೊಂದು ಹೊಳೆಯುತ್ತಿತ್ತು. ಅಮ್ಮ ಬಟ್ಟೆಯ ಅಂಚಿಗೆ ಹೊಲಿಯುವ ಮಣಿ ಅದು. ಹೊಲಿದ ಬಟ್ಟೆ ಕೊಟ್ಟು ಬರಲು ಅಮ್ಮ ಕೆಳಗಿನ ಮನೆಗೆ ಹೋದದ್ದೇ ತಡ, ಪುಟ್ಟ ಮಣಿಯ ಡಬ್ಬಿ ಬಿಚ್ಚಿದ್ದ.

“ಯಾಕೋ ಹಾಕ್ಕೊಂಡೆ?”

“ಹಿಡಿಸುತ್ತೋ ಇಲ್ವೋ ಅಂತ ನೋಡ್ದೆ. ಹಿಡಿಸ್ತು.”

ಅಕ್ಕ ಸ್ಕೂಲಿನ ಫಸ್ಟ್ ಏಡ್ ತಂಡದ ಲೀಡರ್. ಮೈದಾನದಲ್ಲಿ ಯಾರ ಮಂಡಿ ತರಚಿದರೂ ಅವಳೇ ಬರಬೇಕು. ಮನೆಯಲ್ಲೂ ಎಲ್ಲರ ಬಾಯಲ್ಲಿ ಅವಳು ‘ಡಾಕ್ಟರಮ್ಮ’. ಅಂಥವಳಿಗೆ ಒಂದು ಮಣಿ ಯಾವ ಲೆಕ್ಕ!

ಚಿಮುಟ ಹಾಕಿದಳು. ಮಣಿ ಗುಂಡಗಿತ್ತು. ಚಿಮುಟದ ಬಾಯಿಂದ ಜಾರಿ ಇನ್ನಷ್ಟು ಒಳಗೆ ಸರಿಯಿತು. ತಲೆಯಿಂದ ಹೇರ್‌ಪಿನ್ ಕಿತ್ತು, ತುದಿ ಬಗ್ಗಿಸಿ, ಮಣಿಯ ಪಕ್ಕಕ್ಕೆ ತೂರಿಸಿದಳು.

“ಅಮ್ಮಾ!” ಪುಟ್ಟ ಕಿರುಚಿಕೊಂಡ.

ಪಿನ್ನಿನ ತುದಿಯಲ್ಲಿ ಸ್ವಲ್ಪ ಕೆಂಪು ಕಾಣಿಸಿತು. ಮಣಿ ಮಾತ್ರ ಈಗ ಕಾಣಿಸಲೇ ಇಲ್ಲ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಅಮ್ಮನ ಚಪ್ಪಲಿ ಸದ್ದು. ಪಿನ್ನು ಜೇಬು ಸೇರಿತು.

“ಅಮ್ಮಾ, ಪುಟ್ಟ ಕಿವಿಗೆ ಮಣಿ ಹಾಕ್ಕೊಂಡಿದಾನೆ,” ಎಂದಳು. ಅಷ್ಟೇ ಹೇಳಿದಳು.

ಅಮ್ಮ ಬಾಗಿಲು ಎಳೆದುಕೊಂಡವಳೇ ಇಬ್ಬರನ್ನೂ ಬೀದಿ ತಿರುವಿನ ಕ್ಲಿನಿಕ್ಕಿಗೆ ಕರೆದುಕೊಂಡು ಓಡಿದಳು. ಅಲ್ಲಿ ಡಾಕ್ಟರ್ ಪುಟ್ಟನನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಕಿವಿಗೆ ಸಣ್ಣ ಟಾರ್ಚ್ ಹಿಡಿದರು.

“ಒಳಗೆ ಗೀರು ಬಿದ್ದಿದೆಯಲ್ಲ. ಯಾರಾದ್ರೂ ಏನಾದ್ರೂ ಹಾಕಿ ಕೆದಕಿದ್ರಾ?”

“ಇಲ್ಲಪ್ಪ, ಯಾರೂ ಇಲ್ಲ,” ಎಂದಳು ಅಮ್ಮ.

ಪುಟ್ಟ ಅಕ್ಕನ ಮುಖ ನೋಡಿದ. ಕಣ್ಣಲ್ಲಿ ನೀರಿತ್ತು, ಆದರೆ ಬಾಯಿ ಬಿಡಲಿಲ್ಲ. ಅವನು ಬೈದಿದ್ದರೂ ವಾಸಿಯಿತ್ತು ಅನ್ನಿಸಿತು ಅವಳಿಗೆ.

“ನಾನು ಕೆದಕಿದೆ,” ಎಂದಳು. “ಮೊದ್ಲು ಚಿಮುಟ. ಆಮೇಲೆ ಪಿನ್ನು. ಆಗ್ಲೇ ಒಳಗೆ ಹೋಗಿದ್ದು.”

ಅಮ್ಮನ ಬಾಯಿ ತೆರೆಯಿತು. ಡಾಕ್ಟರ್ ಕೈಯೆತ್ತಿ ತಡೆದರು. “ಹೇಳಿದ್ದು ಒಳ್ಳೇದಾಯ್ತು. ಈಗ ನಂಗೆ ಗೊತ್ತಾಯ್ತು ಎಷ್ಟು ಜೋಪಾನವಾಗಿರಬೇಕು ಅಂತ.”

ಅವರು ಟ್ರೇಯಿಂದ ತೆಳ್ಳಗಿನ ಕೊಕ್ಕೆಯೊಂದನ್ನು ಎತ್ತಿಕೊಂಡರು. ಮತ್ತೊಮ್ಮೆ ಇಣುಕಿದರು. ಆಮೇಲೆ ಕೊಕ್ಕೆಯನ್ನು ವಾಪಸ್ ಟ್ರೇಯಲ್ಲಿಟ್ಟುಬಿಟ್ಟರು.

“ಇದು ನನ್ನ ಕೈಲಿ ಆಗಲ್ಲ.”

ಅಕ್ಕನಿಗೆ ನಂಬಲಾಗಲಿಲ್ಲ. “ನೀವು ಡಾಕ್ಟರ್ ಅಲ್ವಾ?”

“ಡಾಕ್ಟರೇ ಮರಿ. ಆದ್ರೆ ಮಣಿ ಕಿವಿ ತಮಟೆಗೆ ಅಂಟಿಕೊಂಡು ಕೂತಿದೆ. ದೊಡ್ಡದಾಗಿ ತೋರಿಸೋ ಮಷಿನ್ ನನ್ನ ಹತ್ರ ಇಲ್ಲ. ಕೈ ಹಾಕಿದ್ರೆ ಬಂದ್ರೂ ಬಂತು, ತಮಟೆ ಹರಿದ್ರೂ ಹರೀತು. ಇವನ ಕಿವಿ ಇಟ್ಕೊಂಡು ನಾನ್ಯಾಕೆ ಅದೃಷ್ಟ ನೋಡ್ಲಿ?”

ಅದನ್ನು ಹೇಳುವಾಗ ಅವರ ಮುಖದಲ್ಲಿ ಒಂಚೂರೂ ನಾಚಿಕೆ ಇರಲಿಲ್ಲ. ಕೂಡಲೇ ಫೋನ್ ತೆಗೆದು, “ಒಂದು ಮಗು ಕಳಿಸ್ತಿದೀನಿ, ಸ್ವಲ್ಪ ಬೇಗ ನೋಡಿ,” ಎಂದು ಕಿವಿಯ ಡಾಕ್ಟರಿಗೆ ಹೇಳಿದರು.

ದೊಡ್ಡ ಆಸ್ಪತ್ರೆಯಲ್ಲಿ ಕಿವಿಯ ಡಾಕ್ಟರ್ ಪುಟ್ಟನನ್ನು ಮಲಗಿಸಿ, ದೊಡ್ಡದಾಗಿ ತೋರಿಸುವ ಕಂಬದಂಥ ಮಷಿನ್ನಿಗೆ ಕಣ್ಣಿಟ್ಟು ಕೂತರು. ಅಕ್ಕ ಬಾಗಿಲ ಬಳಿಯೇ ನಿಂತಳು. ಉಗುರು ಕಚ್ಚುತ್ತ ನಿಂತಳು. ಕೊನೆಗೆ ಸ್ಟೀಲ್ ತಟ್ಟೆಯಲ್ಲಿ ‘ಟಿಣ್’ ಎಂದು ಸದ್ದಾಯಿತು.

“ತಮಟೆ ಚೆನ್ನಾಗಿದೆ. ಗೀರು ಒಂದು ವಾರದಲ್ಲಿ ಮಾಯುತ್ತೆ. ಅಲ್ಲೀತನಕ ಕಿವಿಗೆ ನೀರು ಸೋಕಿಸಬೇಡಿ,” ಎಂದರು ಡಾಕ್ಟರ್.

ಅಮ್ಮ ಉಸಿರು ಬಿಟ್ಟು ಬೆಂಚಿನ ಮೇಲೆ ಕುಕ್ಕರಿಸಿದಳು. ಬೈಗುಳ ಬಸ್ಸಿನಲ್ಲಿ ಶುರುವಾಯಿತು. ಅರ್ಧ ದಾರಿ ನಡೆಯಿತು.

ಅಮ್ಮ ಸುಸ್ತಾಗಿ ಕಣ್ಣು ಮುಚ್ಚಿದ ಮೇಲೆ ಪುಟ್ಟ ಅಕ್ಕನ ಪಕ್ಕಕ್ಕೆ ಸರಿದ.

“ಅಕ್ಕಾ, ಕಿವಿಯೊಳಗಿನ ತಮಟೆನ ಯಾರು ಬಾರಿಸ್ತಾರೆ?”

ಉತ್ತರ ನಾಲಿಗೆಯ ತುದಿಗೇ ಬಂದಿತ್ತು. ಪುಟ್ಟನ ಪ್ರಶ್ನೆಗೆ ಅವಳ ಬಳಿ ಯಾವತ್ತೂ ಒಂದು ಉತ್ತರ ಇದ್ದೇ ಇರುತ್ತಿತ್ತು. ಇಲ್ಲದಿದ್ದರೆ ಅಲ್ಲೇ ಹೊಸೆದು ಕೊಡುತ್ತಿದ್ದಳು. ಅವನ ಕಿವಿಯಲ್ಲಿದ್ದ ಬಿಳಿ ಹತ್ತಿ ನೋಡಿದಳು. ಉತ್ತರವನ್ನು ನುಂಗಿಕೊಂಡಳು.

“ಗೊತ್ತಿಲ್ಲ ಕಣೋ.”

ಪುಟ್ಟ ಕಣ್ಣರಳಿಸಿ ಅವಳನ್ನೇ ನೋಡಿದ.

“ನಿಂಗೂ ಗೊತ್ತಿಲ್ವಾ?”

“ಊಹೂಂ.”

“ನಂಗೂ ಗೊತ್ತಿಲ್ಲ!” ಎಂದ ಪುಟ್ಟ ಖುಷಿಯಿಂದ, ಮತ್ತು ಹತ್ತಿಯಿಲ್ಲದ ಕಿವಿಯನ್ನು ಅವಳ ತೋಳಿಗೆ ಒತ್ತಿ ಮಲಗಿದ.