ವಿಭೂತಿ ಹಚ್ಚಿದ ಪಾನಾ

ಡೋಣಿ ಊರಿನ ಆಚೆ ಡಾಂಬರು ಮುಗಿಯುವಲ್ಲಿ ಆಂಬುಲೆನ್ಸ್ ನಿಂತುಬಿಟ್ಟಿತ್ತು. ಅದರ ಮುಂದೆ ಕಪ್ಪತಗುಡ್ಡಕ್ಕೆ ಏರುವ ಕೆಂಪು ದಾರಿ. ಹಿಂದಿನ ದಿನದ ರೋಹಿಣಿ ಮಳೆ ಆ ದಾರಿಯನ್ನು ನಟ್ಟನಡುವೆ ಸೀಳಿ ಹಾಕಿತ್ತು. ಮೇಲೆ, ಕಾವಲು ಗುಡಿಸಲಿನ ಹತ್ತಿರ, ಗುಡ್ಡದ ಬೆಂಕಿ ಕಾಯುವ ಅಂದಾನಪ್ಪ ಬಂಡೆಯಿಂದ ಜಾರಿ ತೊಡೆಯ ಮೂಳೆ ಮುರಿದುಕೊಂಡು ಬಿದ್ದಿದ್ದ. ಜೊತೆಯ ಕಾವಲುಗಾರ ಸುದೀಪ ಬೆಳಗ್ಗೆ ಫೋನಿನಲ್ಲಿ ಹೇಳಿದ್ದು ಇಷ್ಟೆ: ತೊಡೆ ಊದುತ್ತಿದೆ, ಮೈ ತಣ್ಣಗಾಗುತ್ತಿದೆ, ಒಬ್ಬನಿಂದ ಹೊತ್ತು ತರಲಾಗದು.

ಮಳೆ ಮತ್ತೆ ಹಿಡಿಯುವುದರೊಳಗೆ ಅವನನ್ನು ಕೆಳಗಿಳಿಸಬೇಕಿತ್ತು. ಆ ದಾರಿ ಹತ್ತುವ ಗಾಡಿ ಸುತ್ತಮುತ್ತ ಒಂದೇ ಇತ್ತು. ಅದನ್ನು ಓಡಿಸಿಕೊಂಡು ದುರ್ಗಾ ಮುಂಡರಗಿಯಿಂದ ಬಂದಳು. ಪಕ್ಕದಲ್ಲಿ ಮೆಕ್ಯಾನಿಕ್ ನಯಾಜ.

ಆಂಬುಲೆನ್ಸಿನ ನರ್ಸ್ ಅಮೀನಬಿ ಚೀಲ ಹಿಡಿದು ಇಳಿದವಳು ಗಾಡಿಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು.

"ಇದು ಗಾಡಿ ಏನ್ ಒಂಟಿ? ಹತ್ತಾಕ ನಿಚ್ಚಣಿಕಿ ಎಲ್ಲೈತಿ?"

"ಕೈ ಕೊಡ್ರಿ, ಜಗ್ಗತೀನಿ," ಎಂದ ನಯಾಜ.

"ನೀ ಜಗ್ಗಿದ್ರ ನಾ ಮ್ಯಾಲ ಬರೂದಿಲ್ಲ, ನೀನ ಕೆಳಗ ಬರ್ತಿ. ಹಿಂದಿಂದ ನೂಕು."

ಅದು ಎರಡು ಕೈ ಬದಲಾಗಿ ಬಂದ ಡೀಸೆಲ್ ಗಾಡಿ. ದುರ್ಗಾಳ ಗಂಡ ವಿಶಾಲ ಕೊಂಡಿದ್ದ. ಮೊದಲ ಸಲ ಗುಡ್ಡಕ್ಕೆ ತಂದಾಗ ಅದರ ಹೊಟ್ಟೆ ಕಲ್ಲಿಗೆ ತಾಗಿ ಕಿರ್ರೆಂದಿತ್ತು. ದುರ್ಗಾ ನಕ್ಕಿದ್ದಳು. ಮರುವಾರವೇ ವಿಶಾಲ ಬೆಟಗೇರಿಯ ಲೇತ್ ಅಂಗಡಿಯಲ್ಲಿ ನಿಂತು ಎರಡು ಕಬ್ಬಿಣದ ಗಟ್ಟಿ ಮಾಡಿಸಿದ. ಹಿಂದಿನ ಅಚ್ಚಿಗೂ ಅದರ ಮೇಲೆ ಸ್ಪ್ರಿಂಗಿನಂತೆ ಬಾಗಿದ ಕಮಾನು ಪಾಟಾಕ್ಕೂ ನಡುವೆ ಅವನ್ನಿಟ್ಟು, ಉದ್ದನೆಯ ಬೋಲ್ಟು ಬಿಗಿದು, ಗಾಡಿಯನ್ನು ಎತ್ತರಿಸಿದ. ಮುಂದಿನ ಸ್ಪ್ರಿಂಗೂ ಬದಲಿಸಿದ. ಮಹಾನವಮಿಗೆ ನಟ್ಟು ಬಿಗಿಯುವ ತನ್ನ ಪಾನಾಗಳನ್ನೆಲ್ಲ ಸಾಲಾಗಿ ಇಟ್ಟು, ಒಂದೊಂದಕ್ಕೂ ಮೂರು ಬೆರಳಿನಿಂದ ವಿಭೂತಿ ಎಳೆದು, ಖಂಡೆಪೂಜೆ ಮಾಡಿದ. ಬನ್ನಿ ಕೊಟ್ಟು ಬಂದ ಮೇಲೆ ಅವನ್ನು ಕೆಂಪು ವಸ್ತ್ರದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟ. ದೀಪಾವಳಿಗೆ ಅವನಿರಲಿಲ್ಲ. ಜ್ವರ ಅವನನ್ನು ಒಯ್ದಿತ್ತು.

ಒಂದು ಬೇಸಿಗೆ ಗಾಡಿ ಅಂಗಳದಲ್ಲೇ ನಿಂತಿತು. ಮರು ಬೇಸಿಗೆಯಲ್ಲಿ ದುರ್ಗಾ ಅದನ್ನು ನಯಾಜನ ಗ್ಯಾರೇಜಿಗೆ ತಂದಳು. ಕಾವಲು ಗುಡಿಸಲಿಗೆ ನೀರು ಮುಟ್ಟಿಸುತ್ತೇನೆಂದು ವಿಶಾಲ ಅಂದಾನಪ್ಪನಿಗೆ ಮಾತು ಕೊಟ್ಟಿದ್ದ, ಅದನ್ನು ನಡೆಸಬೇಕು ಎಂದಳು. ನಯಾಜ ಡೀಸೆಲ್ ಟ್ಯಾಂಕು ತೊಳೆದ. ಕ್ಲಚ್ಚು ಬದಲಿಸಿದ. ನಾಲ್ಕೂ ಗಾಲಿಗೆ ಎಳೆತ ಕೊಡುವ ಲಿವರು ಮತ್ತೆ ಬೀಳುವಂತೆ ಮಾಡಿದ. ಮುಂದಿನ ಎತ್ತರದ ಸ್ಪ್ರಿಂಗು ತೆಗೆದು ಹಳೆಯದನ್ನೇ ಕೂರಿಸಿದ. ವಿಶಾಲನ ಕೈಕೆಲಸ ಒಂದೊಂದಾಗಿ ಬಿಚ್ಚಿ ನೆಲಕ್ಕೆ ಬರುವಾಗ ದುರ್ಗಾ ನೋಡಲಾರದೆ ಹೊರಗೆ ಹೋಗಿ ನಿಲ್ಲುತ್ತಿದ್ದಳು.

"ಹಿಂದಿನ ಗಟ್ಟೀನೂ ತೆಗೀಬೇಕ್ರಿ ವೈನಿ," ಎಂದಿದ್ದ ನಯಾಜ. ವಿಶಾಲನ ಗೆಳೆಯನಾಗಿದ್ದ ಅವನಿಗೆ ಅವಳು ಮೊದಲಿನಿಂದಲೂ ವೈನಿ, ಅತ್ತಿಗೆಯೇ. "ಗಾಡಿ ಎತ್ತರ ಆತು, ಬ್ರೇಕಿನ ರಬ್ಬರ್ ಪೈಪ ಇದ್ದಷ್ಟ ಐತಿ. ಗಾಲಿ ತಗ್ಗಿನ್ಯಾಗ ಜೋತುಬಿದ್ರ ಜಗ್ಗತೈತಿ."

"ಅವೆರಡು ಇರಲಿ ನಯಾಜಣ್ಣ."

ಅವನು ಅವಳ ಮುಖ ನೋಡಿದ. ಉದ್ದನೆಯ ಪೈಪು ತರಿಸುತ್ತೇನೆ ಎಂದ. ಅದು ಬರುವ ಮೊದಲೇ ಸುದೀಪನ ಫೋನು ಬಂತು.

ದಾರಿಯ ಎರಡೂ ಬದಿಗೆ ಬಂದರಿಕೆ, ಕವಳಿ ಪೊದೆಗಳು ಮಳೆಗೆ ತೊಳೆದು ನಿಂತಿದ್ದವು. ಬಾದೆ ಹುಲ್ಲಿನ ವಾಸನೆ ಕಿಟಕಿಯೊಳಗೆ ಬಂತು. ಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳ ರೆಕ್ಕೆಗಳು ತಿರುಗುತ್ತಿದ್ದವು. ಅವುಗಳ ಹಿಂದೆ, ಬೆಳ್ಳಟ್ಟಿಯ ಕಡೆಯಿಂದ, ಕಪ್ಪು ಮೋಡ ಏರುತ್ತಿತ್ತು. ಕೆಳಗೆ ಉಳಿದ ಎರೆಹೊಲಗಳು ಹಸಿಯಾಗಿ ಕರ್ರಗೆ ಹೊಳೆಯುತ್ತಿದ್ದವು. ಮಣ್ಣು ಕೆಂಪಾದಷ್ಟೂ ದಾರಿ ಕಡಿದಾಯಿತು.

ನಡುದಾರಿಯಲ್ಲಿ ಕೊರಕಲು ಅಡ್ಡ ಬಂತು. ನಯಾಜ ಇಳಿದು ಮುಂದೆ ನಡೆದ. ಹಿಂದಕ್ಕೆ ಹೆಜ್ಜೆ ಇಡುತ್ತ ಕೈಸನ್ನೆ ಮಾಡಿದ.

"ಎಡಕ್ಕ... ಎಡಕ್ಕ... ಸಾಕು! ಲೋ ಗೇರ್ ಹಾಕ್ರಿ. ಬ್ರೇಕ್ ಮುಟ್ಟಬ್ಯಾಡ್ರಿ!"

ಮುಂದಿನ ಗಾಲಿ ಬಂಡೆ ಏರಿತು. ಗಾಡಿ ವಾಲಿತು. ಹಿಂದಿನ ಎಡಗಾಲಿ ನೆಲ ಬಿಟ್ಟು ಕೊರಕಲಿನ ಮೇಲೆ ಜೋತುಬಿತ್ತು.

"ಯಾ ಅಲ್ಲಾ, ನಾ ರೋಗಿನ್ನ ನೋಡಾಕ ಬಂದೀನಿ, ರೋಗಿ ಆಗಾಕಲ್ಲ!" ಅಮೀನಬಿ ಕೂಗಿದಳು.

ದುರ್ಗಾ ಆಕ್ಸಿಲರೇಟರ್ ಒತ್ತಿ ಹಿಡಿದಳು. ಇಂಜಿನು ತಗ್ಗಿದ ದನಿಯಲ್ಲಿ ಗುಡುಗಿತು. ಮೂರು ಗಾಲಿ ಮಣ್ಣು ಕಚ್ಚಿದವು. ಗಾಡಿ ಒಮ್ಮೆ ನಡುಗಿ, ಎದ್ದು, ಆಚೆ ಹೋಗಿ ನಿಂತಿತು.

ಅವಳ ಎದೆಯಲ್ಲಿ ಏನೋ ಜಿಗಿಯಿತು. ಅದು ಸಂತೋಷವೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ತಿಳಿದ ಕೂಡಲೇ ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ಮುಖ ಬಿಗಿದುಕೊಂಡಳು. ಈ ಗಾಡಿ, ಈ ಕೊರಕಲು, ಈ ಖುಷಿ ಎಲ್ಲ ವಿಶಾಲನಿಗೆ ಸೇರಬೇಕಾದದ್ದು.

ನಯಾಜನನ್ನು ಹತ್ತಿಸಿಕೊಳ್ಳಲು ಬ್ರೇಕ್ ಒತ್ತಿದಾಗ ಪೆಡಲು ಮೊದಲಿಗಿಂತ ತುಸು ಕೆಳಗೆ ಹೋಯಿತು. ನೀರು ತಾಗಿರಬೇಕು ಎಂದುಕೊಂಡಳು. ಹೇಳಿದರೆ ನಯಾಜ ಗಾಡಿಯ ಕೆಳಗೆ ಮಲಗಿ ನೋಡುತ್ತಾನೆ, ನೋಡಿದರೆ ಆ ಕಬ್ಬಿಣದ ಗಟ್ಟಿಗಳ ಮಾತು ತೆಗೆಯುತ್ತಾನೆ. ಅವಳು ಹೇಳಲಿಲ್ಲ.

ಅಂದಾನಪ್ಪ ಗುಡಿಸಲಿನ ಮುಂದೆ ಕಂಬಳಿಯ ಮೇಲೆ ಮಲಗಿದ್ದ. ತುಟಿ ಬೂದಿಯ ಬಣ್ಣಕ್ಕೆ ತಿರುಗಿದ್ದವು.

"ನೀರ ತಂದ್ಯಾ ತಂಗಿ?" ಎಂದ.

"ಇವತ್ತ ನಿಮ್ಮನ್ನ ಒಯ್ಯಾಕ ಬಂದೀನಿ ಕಾಕಾ."

"ಒಯ್ಯಿ. ವಿಶಾಲ ಒಮ್ಮೆ ಗಾಡ್ಯಾಗ ಅಡ್ಡಾಡಿಸ್ತೀನಿ ಅಂದಿದ್ದ. ಹಿಂಗ ಮಲಗಿಸಿಕೊಂಡು ಅಂತ ಹೇಳಿರಲಿಲ್ಲ."

ಅಮೀನಬಿ ನಾಡಿ ಹಿಡಿದಳು. ಕಾಲಿಗೆ ಪಟ್ಟಿ ಕಟ್ಟಿದಳು. ದುರ್ಗಾಳ ಕಿವಿಯ ಹತ್ತಿರ ಬಂದಾಗ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. "ತೊಡಿಯೊಳಗ ರಕ್ತ ಇಳ್ಯಾಕತ್ತೈತಿ. ಜಲ್ದಿ ಹೋಗಬೇಕು, ಕುಲುಕಬಾರ್ದು. ಎರಡೂ ಆಗಬೇಕು ನೋಡು."

ಹಿಂದಿನ ಸೀಟು ಮಡಚಿ, ಗಾದಿ ಹಾಸಿ, ನಾಲ್ವರೂ ಸೇರಿ ಅವನನ್ನು ಒಳಗೆ ಮಲಗಿಸಿದರು. ಎಲ್ಲರೂ ಹತ್ತಿದ ಮೇಲೆ ದುರ್ಗಾ ಗಾಡಿಯನ್ನು ಗುಡ್ಡದಿಂದ ಇಳಿಸತೊಡಗಿದಳು.

ಮೊದಲ ತಿರುವಿನಲ್ಲಿ ಬ್ರೇಕ್ ಒತ್ತಿದಳು. ಪೆಡಲು ಸುಮ್ಮನೆ ಕೆಳಗೆ ಹೋಯಿತು.

ಮತ್ತೆ ಒತ್ತಿದಳು. ನೆಲಕ್ಕೆ ತಾಗಿತು.

"ನಯಾಜಣ್ಣ, ಬ್ರೇಕ್ ಇಲ್ಲ!"

"ಗೇರ್ ಬಿಡಬ್ಯಾಡ್ರಿ! ಗುಡ್ಡದ ಕಡೆ ತಿರುವ್ರಿ!"

ಎಡಕ್ಕೆ ಇಳಿಜಾರು, ಬಲಕ್ಕೆ ಮಣ್ಣಿನ ದಂಡೆ. ಅವಳು ಸ್ಟೇರಿಂಗನ್ನು ಬಲಕ್ಕೆ ಎಳೆದು ಹ್ಯಾಂಡ್ ಬ್ರೇಕ್ ಜಗ್ಗಿದಳು. ಗಾಡಿಯ ಮೂತಿ ದಂಡೆಯನ್ನು ಉಜ್ಜಿಕೊಂಡು ಕವಳಿ ಪೊದೆಯೊಳಗೆ ನುಗ್ಗಿ ನಿಂತಿತು. ಹಿಂದೆ ಅಂದಾನಪ್ಪ ಚೀರಿದ. ಆ ಚೀರು ಗುಡ್ಡಕ್ಕೆ ತಾಗಿ ಮರಳಿ ಬಂತು.

ಸುದೀಪ ಗಾಲಿಗೆ ಕಲ್ಲು ಕೊಟ್ಟ. ನಯಾಜ ಕೆಳಗೆ ತೂರಿ ಹೊರಗೆ ಬಂದ. ಬೆರಳು ಒದ್ದೆಯಾಗಿದ್ದವು.

"ಪೈಪ ಹರದಿಲ್ಲ. ಜಗ್ಗಿ ಜಗ್ಗಿ ಸಂದಿನ ನಟ್ಟ ಸಡಿಲಾಗೇತಿ, ಎಣ್ಣಿ ಎಲ್ಲಾ ಸೋರೇತಿ. ಬಿಗೀತೀನಿ. ಆದ್ರ ಕೊರಕಲದಾಗ ಗಾಲಿ ಮತ್ತ ಜೋತುಬೀಳತೈತಿ..."

ದುರ್ಗಾ ಹಿಂದಿನ ಗಾಜಿನೊಳಗೆ ನೋಡಿದಳು. ಅಮೀನಬಿ ಮುದುಕನ ಹಣೆ ಒರೆಸುತ್ತಿದ್ದಳು.

"ಹತ್ತೂವಾಗನ ಪೆಡಲ ಕೆಳಗ ಹೋಗಿತ್ತು," ಎಂದಳು ದುರ್ಗಾ. "ನಾ ಹೇಳಲಿಲ್ಲ."

"ಈಗ ಹೇಳ್ರಿ, ಏನ್ ಮಾಡೂಣ?"

"ಗಟ್ಟಿ ತೆಗೀರಿ."

ನಯಾಜ ತನ್ನ ಚೀಲದ ತಳದಿಂದ ನಾಲ್ಕು ಗಿಡ್ಡ ಬೋಲ್ಟು ತೆಗೆದ. ಯು ಆಕಾರದ ಹಳೆಯ ಬೋಲ್ಟುಗಳು, ಗಟ್ಟಿ ಇಲ್ಲದಿದ್ದಾಗ ಗಾಡಿಗೆ ಇದ್ದವು. ದುರ್ಗಾ ಅವನ್ನು ಗುರುತಿಸಿದಳು.

"ಯಾವಾಗಿಂದ ಇಟ್ಕೊಂಡೀರಿ?"

"ನೀವು ಬ್ಯಾಡ ಅಂದಾಗಿಂದ."

ಅಂದಾನಪ್ಪನನ್ನು ಗಾದಿಯ ಸಮೇತ ಇಳಿಸಿ ಬಂಡೆಯ ಮರೆಗೆ ಒಯ್ದರು. ಜಾಕು ಹಚ್ಚಿ ಗಾಡಿ ಎತ್ತಿದರು. ನಯಾಜ ಪಾನಾ ಹಾಕಿ ಎಳೆದ. ಪಾನಾದ ಬಾಯಿ ಸವೆದಿತ್ತು. ಜಾರಿತು. ಮತ್ತೆ ಎಳೆದ. ಜಾರಿ ಅವನ ಗೆಣ್ಣು ಪಾಟಾಕ್ಕೆ ಬಡಿದು ರಕ್ತ ಬಂತು. ತುಕ್ಕು ಹಿಡಿದ ನಟ್ಟು ಅಲುಗಲಿಲ್ಲ. ಮೊದಲ ಹನಿಗಳು ತಗಡಿನ ಮೇಲೆ ಬಿದ್ದವು.

ಸೀಟಿನ ಕೆಳಗೆ ಕೆಂಪು ವಸ್ತ್ರದ ಪೆಟ್ಟಿಗೆ ಇತ್ತು. ಅದು ಅಲ್ಲಿದೆಯೆಂದು ನಯಾಜನಿಗೆ ಗೊತ್ತಿತ್ತು. ಅವನು ಆ ಕಡೆ ನೋಡದೆ ಗೆಣ್ಣಿಗೆ ಚಿಂದಿ ಸುತ್ತಿಕೊಂಡ.

ದುರ್ಗಾ ಪೆಟ್ಟಿಗೆ ತೆಗೆದಳು. ಗಂಟು ಬಿಚ್ಚಿದಳು. ಪಾನಾಗಳ ಮೇಲೆ ವಿಶಾಲ ಎಳೆದ ಮೂರು ಬೆರಳಿನ ಗೆರೆಗಳು ಒಣಗಿ ಹಾಗೇ ಇದ್ದವು. ಎಷ್ಟೋ ಸಲ ಈ ಪೆಟ್ಟಿಗೆಯನ್ನು ಒರೆಸಿದ್ದಳು, ತೆರೆದಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ರಿಂಗ್ ಪಾನಾವನ್ನು ಎತ್ತಿಕೊಂಡಳು.

"ಕೊಡ್ರಿ," ನಯಾಜ ಕೈ ಚಾಚಿದ.

"ಬ್ಯಾಡ. ನಾನ ಎಳೀತೀನಿ. ನೀವು ಪೈಪ ನೋಡ್ರಿ."

ಅವಳು ಕೆಸರಿನಲ್ಲಿ ಮಲಗಿದಳು. ಪಾನಾ ನಟ್ಟಿನ ಮೇಲೆ ಗಟ್ಟಿಯಾಗಿ ಕೂತಿತು. ಎರಡೂ ಕೈಯಿಂದ ಎಳೆದಳು. ಅಂಗೈಯೊಳಗೆ ವಿಭೂತಿ ಬೆವರಿಗೆ ಕರಗುವುದು ಗೊತ್ತಾಯಿತು. ಕೈ ತೆಗೆಯಬೇಕೆನಿಸಿತು. ತೆಗೆಯಲಿಲ್ಲ. ಕಾಲನ್ನು ಗಾಲಿಗೆ ಕೊಟ್ಟು ಮತ್ತೊಮ್ಮೆ ಎಳೆದಳು. ನಟ್ಟು ಕಟ್ಟೆಂದು ಬಿಟ್ಟಿತು.

ಬಲಗಡೆಯ ಗಟ್ಟಿ ಹೊರಗೆ ಬಂದಾಗ ಅದನ್ನು ಮುಂದಿನ ಗಾಲಿಗೆ ಅಡ್ಡ ಇಟ್ಟಳು. ಕಲ್ಲಿಗಿಂತ ಚೆನ್ನಾಗಿ ಕೂತಿತು. ಎಡಗಡೆಯದನ್ನೂ ಹಾಗೆಯೇ ಇಟ್ಟಳು. ಗಿಡ್ಡ ಬೋಲ್ಟು ಬಿಗಿದರು. ನಯಾಜ ಬಾಟಲಿಯ ಬ್ರೇಕ್ ಎಣ್ಣೆ ಸುರಿದು ಕೆಳಗೆ ಹೋದ. ಅವಳು ಮೇಲೆ ಕೂತು ಪೆಡಲು ತುಳಿದಳು.

"ಒತ್ರಿ... ಹಿಡೀರಿ... ಬಿಡ್ರಿ. ಗಾಳಿ ಹೊಂಟೈತಿ. ಮತ್ತ ಒತ್ರಿ!"

ಪೆಡಲು ನಿಧಾನವಾಗಿ ಗಟ್ಟಿಯಾಯಿತು. ಕೊನೆಗೆ ಅವಳ ಕಾಲಿಗೆ ಎದುರು ನಿಂತಿತು. ಅಂದಾನಪ್ಪನನ್ನು ಮತ್ತೆ ಒಳಗೆ ಮಲಗಿಸಿ, ಗಾಲಿಗೆ ಇಟ್ಟ ಗಟ್ಟಿಗಳನ್ನು ಎತ್ತಿ ಹಿಂದೆ ಹಾಕಿಕೊಂಡು ಹೊರಟರು.

ಮಳೆ ಜೋರಾದಾಗ ಅವರು ಕೊರಕಲಿನ ಬಾಯಿಗೆ ಬಂದಿದ್ದರು. ತಳದಲ್ಲಿ ಕೆಂಪು ನೀರು ಹರಿಯತೊಡಗಿತ್ತು. ನಯಾಜ, ಸುದೀಪ ಇಬ್ಬರೂ ಇಳಿದು ಗಾಲಿಯ ದಾರಿಗೆ ಕಲ್ಲು ಜೋಡಿಸಿದರು.

ಗಾಡಿ ಮೂತಿ ಕೆಳಗೆ ಮಾಡಿತು. ಈಗ ಅದರ ಎತ್ತರ ಕಡಿಮೆ. ಹೊಟ್ಟೆ ಬಂಡೆಗೆ ತಾಗಿ ಕಿರ್ರೆಂದಿತು, ಮೊದಲ ದಿನದ ಹಾಗೆಯೇ. ದುರ್ಗಾ ಹಲ್ಲು ಕಚ್ಚಿದಳು. ಹಿಂದಿನ ಗಾಲಿ ತಗ್ಗಿಗೆ ಜೋತುಬಿತ್ತು. ಬ್ರೇಕ್ ಒತ್ತಿದಳು.

ಹಿಡಿಯಿತು.

ಕಲ್ಲಿನಿಂದ ಕಲ್ಲಿಗೆ ಗಾಡಿಯನ್ನು ಇಳಿಸಿದಳು. ನೀರು ದಾಟಿದಳು. ಆಚೆಯ ದಂಡೆ ಏರಿದಳು. ಅಂದಾನಪ್ಪ ಈ ಸಲ ಚೀರಲಿಲ್ಲ. ಅದಕ್ಕೇ ಅವಳಿಗೆ ಹೆದರಿಕೆಯಾಯಿತು.

"ಕಾಕಾ?"

"ಅದೀನಿ," ಎಂದ ಸಣ್ಣಗೆ. "ಹೊಟ್ಟಿ ಉಜ್ಜಿತು ನೋಡವಾ ಗಾಡಿ."

"ಉಜ್ಜಲಿ ಬಿಡ್ರಿ," ಎಂದಳು ದುರ್ಗಾ.

ಡಾಂಬರಿನ ತುದಿಯಲ್ಲಿ ಅವನನ್ನು ಆಂಬುಲೆನ್ಸಿಗೆ ಸಾಗಿಸಿದರು. ಸುದೀಪ ಜೊತೆಗೆ ಹತ್ತಿದ. ಅಮೀನಬಿ ಸಲೈನ್ ಹಚ್ಚಿ, ನಾಡಿ ನೋಡಿ, ಬಾಗಿಲು ಎಳೆಯುವ ಮೊದಲು ತಲೆ ಹೊರಗೆ ಹಾಕಿದಳು.

"ಗದಗಿನ ತನಕಾ ನಾ ನೋಡ್ಕೊಂತೀನಿ. ಉಳೀತಾನ. ಬೈಯಾಕ ಶುರು ಮಾಡ್ಯಾನ."

ಆಂಬುಲೆನ್ಸ್ ಹೋಯಿತು. ಮಳೆಯೊಳಗೆ ದುರ್ಗಾ ಪೆಟ್ಟಿಗೆ ತೆರೆದಳು. ಕೈಯಲ್ಲಿದ್ದ ದೊಡ್ಡ ಪಾನಾದ ಮೇಲೆ ಈಗ ಗ್ರೀಸು, ಕೆಂಪು ಮಣ್ಣು. ಗೆರೆಗಳಿರಲಿಲ್ಲ. ಉಳಿದವುಗಳ ಪಕ್ಕದಲ್ಲಿ ಅದನ್ನಿಡಲು ಕೈ ಬರಲಿಲ್ಲ.

"ಬರೂ ಮಾನಮಿಗೆ ಮತ್ತ ಹಚ್ಚೂಣ್ರಿ ವೈನಿ," ಎಂದ ನಯಾಜ. "ಗ್ಯಾರೇಜಿನ್ಯಾಗ ನಾನೂ ಖಂಡೆಪೂಜಿ ಮಾಡ್ತೀನಿ."

"ಯಾರು ಹಚ್ಚೂದು?"

"ಕೆಲಸ ಮಾಡಿದವ್ರು."

ಅವಳು ಪಾನಾವನ್ನು ಸೆರಗಿನಿಂದ ಒರೆಸಿ, ಕೈಗೆ ಸಿಗುವಂತೆ ಬಾಗಿಲಿನ ಚೀಲದಲ್ಲಿಟ್ಟಳು.

ಮುಂಡರಗಿಯ ದಾರಿಯಲ್ಲಿ ಗಾಡಿ ಅಲುಗಾಡದೆ ನೇರವಾಗಿ ಓಡಿತು. ವಿಶಾಲ ಇದ್ದಾಗ ಒಂದು ದಿನವೂ ಹೀಗೆ ಓಡಿರಲಿಲ್ಲ. ಇಬ್ಬರಿಗೂ ಅದು ಗೊತ್ತಾಯಿತು. ಹಿಂದೆ ಎರಡು ಗಟ್ಟಿಗಳು ತಗ್ಗು ಬಂದಾಗಲೆಲ್ಲ ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು.

"ಅರಿವಿ ಸುತ್ತಿ ಇಡಲೇನ್ರಿ?" ಎಂದು ನಯಾಜ ಕೇಳಿದ.

"ಬ್ಯಾಡ," ಎಂದಳು. "ಇರಲಿ."